ಅಪರೂಪಕ್ಕೆ ನಾಟಕ ನೋಡುವವರಿಗೆ: ಎಲ್ಲಿ ಕೂರಬೇಕು, ಏನನ್ನು ಗಮನಿಸಬೇಕು

ಸಿನಿಮಾದಲ್ಲಿ ಯಾರ ಮುಖವನ್ನು ಹತ್ತಿರದಿಂದ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನು ನಿರ್ದೇಶಕರೂ ಸಂಕಲನಕಾರರೂ ಮೊದಲೇ ತೀರ್ಮಾನಿಸಿರುತ್ತಾರೆ. ನಾಟಕದಲ್ಲಿ ಹಾಗಿಲ್ಲ. ರಂಗದ ಮೇಲೆ ಆರು ಮಂದಿ ಏಕಕಾಲಕ್ಕೆ ಇರುತ್ತಾರೆ. ಬೆಳಕು, ಚಲನೆ, ದನಿ ಇವುಗಳ ಮೂಲಕ ನಿರ್ದೇಶಕರು ನಮ್ಮ ಗಮನವನ್ನು ಒಂದು ಕಡೆಗೆ ಸೆಳೆಯಬಹುದಾದರೂ, ಕೊನೆಗೆ ಯಾರನ್ನು ನೋಡಬೇಕೆಂಬ ಆಯ್ಕೆ ಪ್ರೇಕ್ಷಕರ ಕೈಯಲ್ಲೇ ಉಳಿಯುತ್ತದೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ರಂಗಮಂದಿರಕ್ಕೆ ಹೋಗುವವರಲ್ಲಿ ಅನೇಕರು ‘ನಮಗೆ ನಾಟಕ ಅರ್ಥವಾಗುವುದಿಲ್ಲ’ ಎಂದುಕೊಳ್ಳುವುದಕ್ಕೆ ಕಾರಣ ಅವರಿಗೆ ರಂಗಕಲೆಯ ಶಾಸ್ತ್ರ ಗೊತ್ತಿಲ್ಲದಿರುವುದಲ್ಲ. ಈ ಸ್ವಾತಂತ್ರ್ಯವನ್ನು ಬಳಸಿಕೊಳ್ಳುವ ರೂಢಿ ಇಲ್ಲದಿರುವುದು. ಆ ರೂಢಿಗೆ ನೆರವಾಗುವ ಕೆಲವು ಸಂಗತಿಗಳು ಇಲ್ಲಿವೆ.

ಯಾವ ಪ್ರದರ್ಶನ, ಯಾವ ಮಂದಿರ

ಹೊಸಬರು ದೊಡ್ಡ ಹೆಸರಿನ, ಮೂರು ಗಂಟೆಯ ಗಂಭೀರ ನಾಟಕದಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಅರವತ್ತರಿಂದ ತೊಂಬತ್ತು ನಿಮಿಷಗಳ, ವಿರಾಮವಿಲ್ಲದ ಒಂದು ಕಿರುನಾಟಕ ಅಥವಾ ಏಕವ್ಯಕ್ತಿ ಪ್ರದರ್ಶನ ಒಳ್ಳೆಯ ಆರಂಭ. ಹಾಡು, ಕುಣಿತ ಇಷ್ಟಪಡುವವರಿಗೆ ಸಂಗೀತ ನಾಟಕ ಸುಲಭದ ದಾರಿ. ಅವಧಿ ಎಷ್ಟು, ವಿರಾಮ ಇದೆಯೇ, ಯಾವ ವಯಸ್ಸಿನವರಿಗೆ ಸೂಕ್ತ, ತೀವ್ರವಾಗಿ ಮಿನುಗುವ ಬೆಳಕು ಅಥವಾ ಗುಂಡಿನ ಸದ್ದು ಇದೆಯೇ ಎಂಬ ವಿವರಗಳನ್ನು ರಂಗಮಂದಿರಗಳು ಸಾಮಾನ್ಯವಾಗಿ ಮೊದಲೇ ಪ್ರಕಟಿಸುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಅದನ್ನು ಓದುವುದು ಲೇಸು.

ಮಂದಿರ ಚಿಕ್ಕದಾಗಿದ್ದಷ್ಟೂ ಮೊದಲ ಅನುಭವ ಗಟ್ಟಿಯಾಗಿರುತ್ತದೆ. ಇದು ಇಂದಿನ ಮಾತಲ್ಲ. ಭರತನ ನಾಟ್ಯಶಾಸ್ತ್ರವು ಮನುಷ್ಯರಿಗೆ ತಕ್ಕ ರಂಗಮಂದಿರದ ಅಳತೆಯನ್ನು 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲ ಎಂದು ಗೊತ್ತುಪಡಿಸಿ, ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಮೇಲಿನ ಭಾವ ಕಾಣದೆ ಹೋಗುತ್ತದೆ ಎಂದು ಎಚ್ಚರಿಸುತ್ತದೆ. ಇದಕ್ಕೆ ಎದುರು ನಿಲ್ಲುವ ಉದಾಹರಣೆಯೂ ಉಂಟು: ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಸಿನ ಎಪಿಡಾರಸ್ ಬಯಲು ರಂಗಮಂದಿರದಲ್ಲಿ ಸುಮಾರು 14,000 ಮಂದಿ ಕುಳಿತುಕೊಳ್ಳಬಹುದು. ಆದರೆ ಅಲ್ಲಿನ ನಟರು ಮುಖವಾಡ ಧರಿಸುತ್ತಿದ್ದರು, ಮೇಳವೊಂದು ಹಾಡಿ ಕುಣಿದು ಕಥೆಯನ್ನು ಮುಂದೊಯ್ಯುತ್ತಿತ್ತು. ಕಣ್ಣಂಚಿನ ಸೂಕ್ಷ್ಮವನ್ನು ನೆಚ್ಚಿಕೊಂಡ ಅಭಿನಯ ಅದಾಗಿರಲಿಲ್ಲ. ಇಬ್ಬರು ಮೂವರು ಪಾತ್ರಧಾರಿಗಳು ಮನೆಯೊಳಗಿನ ಮಾತನ್ನು ಮೆಲುದನಿಯಲ್ಲಿ ಆಡುವ ನಾಟಕವನ್ನು ದೊಡ್ಡ ಸಭಾಂಗಣದ ಕೊನೆಯ ಸಾಲಿನಿಂದ ನೋಡಿ ಬೇಸರಗೊಂಡರೆ, ಅದು ನಾಟಕದ ದೋಷವೂ ಅಲ್ಲ, ನೋಡಿದವರ ದೋಷವೂ ಅಲ್ಲ.

ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಬೇಕೆ? ಭಾಷೆ ಹಳೆಯದಾಗಿದ್ದರೆ, ಪಾತ್ರಗಳು ಹೆಚ್ಚಿದ್ದರೆ, ಅಥವಾ ಹಾಡಿನ ಮೂಲಕವೇ ಕಥೆ ಸಾಗುವುದಾದರೆ ಖಂಡಿತ ತಿಳಿದುಕೊಳ್ಳಿ. ಶೇಕ್ಸ್‌ಪಿಯರನ ನಾಟಕಕ್ಕೆ ಹೋಗುವ ಮುನ್ನ ಕಥೆಯ ಸಾರಾಂಶವನ್ನು ಓದಿದರೆ ಯಾವ ರಸಭಂಗವೂ ಆಗದು. ಅವನ ಕಾಲದ ಪ್ರೇಕ್ಷಕರಲ್ಲಿ ಅನೇಕರಿಗೂ ಅವನ ಚಾರಿತ್ರಿಕ ನಾಟಕಗಳ ಕಥೆ ಗೊತ್ತೇ ಇತ್ತು. ಪಾಶ್ಚಾತ್ಯ ಗೀತನಾಟಕವಾದ ಒಪೇರಾದಲ್ಲಿ ಹಾಡಿನ ಅರ್ಥವನ್ನು ರಂಗದ ಮೇಲ್ಭಾಗದಲ್ಲಿ ಅಕ್ಷರಗಳಲ್ಲಿ ಮೂಡಿಸುವ ಪದ್ಧತಿಯನ್ನು ಕೆನಡಾದ ಟೊರೊಂಟೊದಲ್ಲಿ 1983ರಲ್ಲಿ ಆರಂಭಿಸಿದರು; ಈಗ ಅದು ಎಲ್ಲೆಡೆ ಹಬ್ಬಿದೆ. ಹಾಗಿದ್ದರೂ ಕಣ್ಣು ಆ ಅಕ್ಷರಗಳಿಗೇ ಅಂಟಿಕೊಂಡರೆ ಹಾಡುವವರು ಕಾಣುವುದಿಲ್ಲ, ಆದ್ದರಿಂದ ಕಥೆ ಮೊದಲೇ ಗೊತ್ತಿರುವುದು ಒಳ್ಳೆಯದು. ಪತ್ತೇದಾರಿ ನಾಟಕದ ಮಾತು ಬೇರೆ. ಲಂಡನ್ನಿನಲ್ಲಿ 1952ರಿಂದ ನಡೆದುಬಂದಿರುವ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ಮುಗಿದ ಮೇಲೆ, ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ಸಂಪ್ರದಾಯವೇ ಇದೆ. ಅಂಥ ನಾಟಕಕ್ಕೆ ಏನೂ ಓದದೆ ಹೋಗಿ.

ಆಸನ

ಮುಂದಿನ ಸಾಲೇ ಶ್ರೇಷ್ಠ ಎಂಬುದು ಬಹಳ ಜನರ ನಂಬಿಕೆ. ನನ್ನ ಅಭಿಪ್ರಾಯದಲ್ಲಿ, ಪ್ರೇಕ್ಷಕರು ಎದುರಿಗೆ ಮಾತ್ರ ಕುಳಿತು ನೋಡುವ, ಚೌಕಟ್ಟಿನೊಳಗಿನ ರಂಗಕ್ಕೆ ಸಂಬಂಧಿಸಿದಂತೆ ಇದು ತಪ್ಪು. ರಂಗ ಎತ್ತರವಾಗಿದ್ದರೆ ಮೊದಲ ಸಾಲಿನವರಿಗೆ ನಟರ ಪಾದಗಳು ಕಾಣುವುದಿಲ್ಲ, ಕತ್ತು ನೋಯುತ್ತದೆ, ಎಡತುದಿಯಲ್ಲೊಬ್ಬರು ಬಲತುದಿಯಲ್ಲೊಬ್ಬರು ನಿಂತಾಗ ಇಬ್ಬರನ್ನೂ ಒಂದೇ ನೋಟದಲ್ಲಿ ಹಿಡಿಯಲಾಗುವುದಿಲ್ಲ. ನಡುವಿನ ಭಾಗದ ಐದರಿಂದ ಹತ್ತನೆಯ ಸಾಲಿನವರೆಗಿನ ಆಸನಗಳಲ್ಲಿ ಮುಖಭಾವವೂ ಕಾಣುತ್ತದೆ, ರಂಗಸಜ್ಜಿಕೆಯ ಒಟ್ಟು ಚಿತ್ರವೂ ದಕ್ಕುತ್ತದೆ. ನೃತ್ಯಪ್ರದರ್ಶನವಾದರೆ ಬಾಲ್ಕನಿಯ ಮೊದಲ ಸಾಲನ್ನು ಹಿಂದುಮುಂದು ನೋಡದೆ ಆರಿಸಿಕೊಳ್ಳಿ. ಇಪ್ಪತ್ತು ಮಂದಿ ನರ್ತಕರು ನೆಲದ ಮೇಲೆ ವೃತ್ತವಾಗಿ, ಕರ್ಣರೇಖೆಯಾಗಿ, ಮತ್ತೆ ಎರಡು ಸಾಲುಗಳಾಗಿ ಒಡೆದುಕೊಳ್ಳುವ ವಿನ್ಯಾಸ ಕೆಳಗಿನಿಂದ ಕಾಣುವುದೇ ಇಲ್ಲ. ಅಂಚಿನ ಆಸನಗಳು ಅಗ್ಗವಾಗಿರುವುದಕ್ಕೆ ಕಾರಣವಿರುತ್ತದೆ: ಆ ಕಡೆಯ ರಂಗಭಾಗ ಮರೆಯಾಗುತ್ತದೆ. ಕಂಬದ ಹಿಂದಿನ ಆಸನವೇ ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ಸಂಕೋಚ ಬೇಡ.

ಮೂರು ಕಡೆ ಅಥವಾ ನಾಲ್ಕೂ ಕಡೆ ಪ್ರೇಕ್ಷಕರು ಕೂರುವ ರಂಗಗಳಲ್ಲಿ ಈ ಲೆಕ್ಕಾಚಾರ ನಡೆಯದು. ಅಲ್ಲಿ ಎಲ್ಲಿ ಕುಳಿತರೂ ಯಾರಾದರೊಬ್ಬರ ಬೆನ್ನು ನಿಮ್ಮ ಕಡೆಗಿರುತ್ತದೆ. ಅದನ್ನು ನಷ್ಟವೆಂದು ತಿಳಿಯಬೇಕಿಲ್ಲ. ಒಳ್ಳೆಯ ನಟರ ಬೆನ್ನೂ ಮಾತಾಡುತ್ತದೆ. ಅಲ್ಲದೆ ಅಲ್ಲಿ ಮುಂದಿನ ಸಾಲು ನಿಜಕ್ಕೂ ಚೆನ್ನ. ನಟರು ಪ್ರೇಕ್ಷಕರನ್ನು ಮಾತಾಡಿಸುವ, ಮೇಲಕ್ಕೆ ಕರೆಯುವ ಪ್ರದರ್ಶನವಾದರೆ ಮಾತ್ರ ನಾಚಿಕೆಯ ಸ್ವಭಾವದವರು ಮೂರನೆಯ ಸಾಲಿಗೆ ಸರಿಯುವುದು ಕ್ಷೇಮ.

ತಲುಪುವುದು, ಕೂರುವುದು

ಪ್ರದರ್ಶನಕ್ಕೆ ಇಪ್ಪತ್ತು ನಿಮಿಷ ಮುಂಚೆಯಾದರೂ ತಲುಪಿರಿ. ತಡವಾಗಿ ಬಂದವರನ್ನು ಸೂಕ್ತವಾದ ಒಂದು ದೃಶ್ಯಾಂತರದವರೆಗೆ ಬಾಗಿಲಲ್ಲೇ ನಿಲ್ಲಿಸುವ ಪದ್ಧತಿ ಬಹಳ ಕಡೆ ಇದೆ; ವಿರಾಮವಿಲ್ಲದ ನಾಟಕಕ್ಕೆ ಒಳಗೆ ಬಿಡದೆಯೂ ಇರಬಹುದು. ಉಡುಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಎರಡು ಗಂಟೆ ಅಲುಗಾಡದೆ ಕೂರಲು ಹಿತವಾದದ್ದೇ ಸರಿಯಾದ ಉಡುಪು. ಹವಾನಿಯಂತ್ರಿತ ಸಭಾಂಗಣಗಳು ಬಹಳ ತಣ್ಣಗಿರುವುದುಂಟು, ಒಂದು ಹೊದಿಕೆ ಜೊತೆಯಲ್ಲಿರಲಿ. ಕೆಮ್ಮಿಗೆ ಚೀಪುವ ಮಾತ್ರೆ ಬೇಕಾಗಬಹುದೆನಿಸಿದರೆ ಅದರ ಕಾಗದವನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ.

ಮೊಬೈಲನ್ನು ಸದ್ದಿಲ್ಲದ ಸ್ಥಿತಿಗೆ ತಂದರೆ ಸಾಲದು, ಪೂರ್ತಿ ಆರಿಸಬೇಕು. ತೊಂದರೆ ಇರುವುದು ಸದ್ದಿನಲ್ಲಷ್ಟೇ ಅಲ್ಲ, ಬೆಳಕಿನಲ್ಲಿ. ಕತ್ತಲ ಸಭಾಂಗಣದಲ್ಲಿ ಹೊಳೆಯುವ ಒಂದು ಪರದೆ ನಿಮ್ಮ ಹಿಂದಿನ ನಾಲ್ಕು ಸಾಲಿನವರ ಕಣ್ಣನ್ನು ಸೆಳೆಯುತ್ತದೆ. ಪರದೆಯ ಬೆಳಕು ಮುಖಕ್ಕೆ ಬಿದ್ದವರು ರಂಗದ ಮೇಲಿರುವವರಿಗೆ ಸ್ಪಷ್ಟವಾಗಿ ಕಾಣುತ್ತಾರೆ. ಛಾಯಾಚಿತ್ರ, ಚಿತ್ರೀಕರಣಗಳಿಗೂ ಇದೇ ಮಾತು.

ಹೀಗೆ ಕತ್ತಲಲ್ಲಿ ಮೌನವಾಗಿ ಕೂರುವುದು ಅನಾದಿ ಕಾಲದಿಂದ ಬಂದ ನಿಯಮವೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೂ ಯುರೋಪಿನ ಬಹುತೇಕ ಮಂದಿರಗಳಲ್ಲಿ ಪ್ರದರ್ಶನದುದ್ದಕ್ಕೂ ದೀಪಗಳು ಉರಿಯುತ್ತಿದ್ದವು. ಜನ ರಂಗವನ್ನು ನೋಡಿದಷ್ಟೇ ಆಸಕ್ತಿಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಆರಂಭವಾದ, ಒಪೇರಾ ಸಂಯೋಜಕ ವ್ಯಾಗ್ನರನ ರಂಗಮಂದಿರದಲ್ಲಿ ಸಭಾಂಗಣವನ್ನು ಕತ್ತಲಾಗಿಸಿದ್ದು ಈ ರೂಢಿ ಬಲಗೊಳ್ಳುವುದಕ್ಕೆ ಒಂದು ಮುಖ್ಯ ಕಾರಣ. ಲಂಡನ್ನಿನಲ್ಲಿ ಮರುನಿರ್ಮಾಣಗೊಂಡು 1997ರಲ್ಲಿ ತೆರೆದ, ಶೇಕ್ಸ್‌ಪಿಯರನ ಕಾಲದ ಮಾದರಿಯ ಗ್ಲೋಬ್ ರಂಗಮಂದಿರದಲ್ಲಿ ಇಂದಿಗೂ ಕೆಲವು ಪ್ರೇಕ್ಷಕರು ತೆರೆದ ಬಾನಿನ ಕೆಳಗೆ ರಂಗಕ್ಕೆ ಒರಗಿ ನಿಂತೇ ನೋಡುತ್ತಾರೆ, ನಟರು ಅವರ ಮುಖ ನೋಡಿ ಮಾತಾಡುತ್ತಾರೆ. ಜಪಾನಿನ ಸಾಂಪ್ರದಾಯಿಕ ನಾಟಕ ಪ್ರಕಾರವಾದ ಕಬುಕಿಯಲ್ಲಿ ನಟನೊಬ್ಬ ಉತ್ಕಟ ಭಂಗಿಯಲ್ಲಿ ನಿಂತ ಕ್ಷಣಕ್ಕೆ ಸರಿಯಾಗಿ ಅವನ ಮನೆತನದ ಹೆಸರನ್ನು ಕೂಗುವ ಅನುಭವಿ ಪ್ರೇಕ್ಷಕರಿರುತ್ತಾರೆ. ಆದ್ದರಿಂದ ಎಲ್ಲ ಕಡೆಗೂ ಒಂದೇ ನಡವಳಿಕೆ ಎಂದಿಲ್ಲ. ನೋಡಹೊರಟ ಪ್ರಕಾರದಲ್ಲಿ ಏನು ರೂಢಿ ಎಂದು ತಿಳಿಯದಿದ್ದರೆ, ಸುತ್ತಲಿನವರನ್ನು ಐದು ನಿಮಿಷ ಗಮನಿಸಿದರೆ ಸಾಕು.

ನೋಡುವುದು

ಪರದೆ ತೆರೆದೇ ಇದ್ದರೆ ನಾಟಕ ಆರಂಭವಾಗುವ ಮುನ್ನವೇ ರಂಗವನ್ನು ನಿಧಾನವಾಗಿ ನೋಡಿ. ಎಷ್ಟು ಬಾಗಿಲುಗಳಿವೆ, ಯಾವ ಕುರ್ಚಿ ಉಳಿದವುಗಳಿಗಿಂತ ದೂರದಲ್ಲಿದೆ, ಗೋಡೆ ಹೊಸದೋ ಹಳೆಯದೋ, ಮೇಜಿನ ಮೇಲೇನಿದೆ? ಇವನ್ನೆಲ್ಲ ಯಾರೋ ಯೋಚಿಸಿಯೇ ಇಟ್ಟಿರುತ್ತಾರೆ. ಅನಂತರದ ಮೊದಲ ಹತ್ತು ನಿಮಿಷ ಯಾವ ತೀರ್ಪನ್ನೂ ಕೊಡಬೇಡಿ. ರಂಗದ ಮಾತಿನ ವೇಗಕ್ಕೆ, ದನಿಯ ಏರಿಳಿತಕ್ಕೆ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆರಂಭದಲ್ಲಿ ಕೃತಕವೆನಿಸಿದ ಮಾತಿನ ಧಾಟಿ ಮೂರನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಸಹಜವೆನಿಸುವುದು ಸಾಮಾನ್ಯ.

ಇನ್ನು, ಮಾತಾಡುವವರನ್ನಷ್ಟೇ ನೋಡುವ ಚಾಳಿಯನ್ನು ಬಿಡಬೇಕು. ಅಪರೂಪದ ಪ್ರೇಕ್ಷಕರಿಗೆ ನಾನು ಒಂದೇ ಒಂದು ಸಲಹೆ ಕೊಡಬೇಕಾದರೆ ಕೊಡುವುದು ಇದನ್ನೇ. ಒಂದು ದೃಶ್ಯವನ್ನು ಊಹಿಸಿಕೊಳ್ಳಿ: ಮಗ ತಾನು ಪರದೇಶಕ್ಕೆ ಹೊರಟಿರುವುದನ್ನು ಉತ್ಸಾಹದಿಂದ ವಿವರಿಸುತ್ತಿದ್ದಾನೆ, ತಾಯಿ ಒಗೆದ ಬಟ್ಟೆಗಳನ್ನು ಮಡಿಸುತ್ತ ಕೇಳುತ್ತಿದ್ದಾಳೆ. ಎಲ್ಲರ ಕಣ್ಣೂ ಮಗನ ಮೇಲಿರುತ್ತದೆ. ‘ಐದು ವರ್ಷ’ ಎಂಬ ಮಾತು ಅವನ ಬಾಯಿಂದ ಬಂದಾಗ ಆಕೆಯ ಕೈ ಅರ್ಧ ಮಡಿಸಿದ ಅಂಗಿಯ ಮೇಲೆ ನಿಲ್ಲುತ್ತದೆ. ಮರುಕ್ಷಣ ಮಡಿಕೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸತೊಡಗುತ್ತಾಳೆ. ಆಕೆಯ ಬಾಯಲ್ಲಿ ಒಂದು ಮಾತೂ ಇಲ್ಲ, ಆದರೆ ಆ ದೃಶ್ಯವಿರುವುದೇ ಅಲ್ಲಿ. ಸಿನಿಮಾವಾಗಿದ್ದರೆ ಆ ಕೈಯನ್ನು ಪರದೆಯ ತುಂಬ ತೋರಿಸುತ್ತಿದ್ದರು. ಇಲ್ಲಿ ನೀವೇ ಹುಡುಕಿಕೊಳ್ಳಬೇಕು. ಕೇಳುವವರ ಮುಖ, ದೂರದಲ್ಲಿ ನಿಂತವರ ನಿಲುವು, ಒಬ್ಬರು ಒಳಬಂದಾಗ ಉಳಿದವರ ನಡುವಿನ ಅಂತರ ಬದಲಾಗುವ ರೀತಿ, ಇವುಗಳನ್ನು ಹುಡುಕುವ ಅಭ್ಯಾಸವಾದರೆ ಸಾಧಾರಣ ನಾಟಕವೂ ಬೇಸರ ತರಿಸುವುದಿಲ್ಲ.

ರಂಗದ ಒಪ್ಪಂದಗಳನ್ನು ತಕರಾರಿಲ್ಲದೆ ಒಪ್ಪಿಕೊಳ್ಳುವುದೂ ಮುಖ್ಯ. ಮಗುಚಿದ ಬೆಂಚು ದೋಣಿಯಾಗಬಹುದು, ನೀಲಿ ಬಟ್ಟೆಯೊಂದು ನದಿಯಾಗಬಹುದು, ಒಬ್ಬರೇ ನಟ ಟೋಪಿ ಬದಲಿಸಿ ಮೂರು ಪಾತ್ರಗಳಾಗಬಹುದು. ಜಪಾನಿನ ಬುನ್ರಾಕು ಗೊಂಬೆಯಾಟದಲ್ಲಿ ಮುಖ್ಯ ಗೊಂಬೆಯೊಂದನ್ನು ಮೂವರು ಸೇರಿ, ಪ್ರೇಕ್ಷಕರ ಕಣ್ಣೆದುರೇ ನಿಂತು ಆಡಿಸುತ್ತಾರೆ. ಮೊದಲಿಗೆ ಆಡಿಸುವವರೇ ಎದ್ದು ಕಾಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತಾನಾಗಿಯೇ ಅವರನ್ನು ಬಿಟ್ಟು ಗೊಂಬೆಯ ದುಃಖವನ್ನು ಹಿಂಬಾಲಿಸುತ್ತದೆ. ‘ನಿಜಜೀವನದಲ್ಲಿ ಹೀಗಿರುತ್ತದೆಯೇ’ ಎಂಬ ಪ್ರಶ್ನೆಯನ್ನು ಸ್ವಲ್ಪ ಕಾಲ ಬದಿಗಿಟ್ಟರೆ ಸಾಕು.

ಮಾತು ಅರ್ಥವಾಗದೆ ಕಥೆಯ ಎಳೆ ತಪ್ಪಿದರೆ, ಪ್ರತಿ ಪದದ ಬೆನ್ನು ಹತ್ತಬೇಡಿ. ಈಗ ಯಾರು ಯಾರಿಂದ ಏನನ್ನು ಬಯಸುತ್ತಿದ್ದಾರೆ, ಅದು ಅವರಿಗೆ ಸಿಗುತ್ತಿದೆಯೇ, ಇಷ್ಟನ್ನು ಗಮನಿಸಿದರೆ ಎಳೆ ಮತ್ತೆ ಕೈಗೆ ಸಿಗುತ್ತದೆ. ಪಕ್ಕದವರನ್ನು ಪಿಸುದನಿಯಲ್ಲಿ ಕೇಳಿದರೆ ಇಬ್ಬರಿಗೂ ಮುಂದಿನ ಮಾತು ತಪ್ಪುತ್ತದೆ. ಬೇಸರ ಬಂದರೆ ಅದನ್ನು ಅಪರಾಧವೆಂದು ಭಾವಿಸದೆ, ಗಮನವನ್ನು ಬೆಳಕಿನ ಕಡೆಗೋ ಹಿನ್ನೆಲೆಯ ಸದ್ದಿನ ಕಡೆಗೋ ತಿರುಗಿಸಿ. ಬೆಳಕು ಸಂಜೆಯಿಂದ ರಾತ್ರಿಗೆ ತಿರುಗುವುದನ್ನು ಕಾಣದಂತೆ ಮಾಡುವುದೇ ಬೆಳಕಿನ ವಿನ್ಯಾಸಕರ ಜಾಣ್ಮೆ. ಅದನ್ನು ಹಿಡಿಯಲು ಯತ್ನಿಸುವುದೇ ಒಂದು ಆಟ. ಏನು ಮಾಡಿದರೂ ಸಹಿಸಲಾಗದಿದ್ದರೆ ವಿರಾಮದಲ್ಲಿ ಎದ್ದು ಹೊರಡಬಹುದು, ಅದರಲ್ಲಿ ಯಾರಿಗೂ ಅವಮಾನವಿಲ್ಲ.

ನಗು ಬಂದರೆ ಬಾಯ್ತುಂಬ ನಕ್ಕುಬಿಡಿ. ಹಾಸ್ಯನಾಟಕದಲ್ಲಿ ನಟರು ಸಭಿಕರ ನಗು ಏರಿ ಇಳಿಯತೊಡಗುವವರೆಗೆ ಕಾದು ಮುಂದಿನ ಮಾತನ್ನು ಎತ್ತಿಕೊಳ್ಳುತ್ತಾರೆ. ಸಭ್ಯತೆಯ ಹೆಸರಿನಲ್ಲಿ ತಡೆದ ನಗು ಅವರ ಲಯವನ್ನು ಕೆಡಿಸುತ್ತದೆ. ತುಂಬಿದ ಸಭಾಂಗಣದಲ್ಲಿ ಬಿದ್ದುಬಿದ್ದು ನಗಿಸಿದ ಪ್ರಹಸನವು ಮುಕ್ಕಾಲು ಖಾಲಿಯಿದ್ದಾಗ ಸಪ್ಪೆಯಾಗುವುದು ಇದಕ್ಕಾಗಿಯೇ, ಆದ್ದರಿಂದ ಹಾಸ್ಯನಾಟಕಕ್ಕೆ ಜನ ಹೆಚ್ಚು ಬರುವ ದಿನವನ್ನೇ ಆರಿಸಿಕೊಳ್ಳುವುದು ಜಾಣತನ. ಚಪ್ಪಾಳೆಯ ವಿಷಯದಲ್ಲಿ ಅಷ್ಟು ಅವಸರ ಬೇಡ. ಕೊನೆಯ ದೃಶ್ಯ ಕತ್ತಲಾದ ಮೇಲೆ ಒಂದೆರಡು ಉಸಿರು ಬಿಟ್ಟು ಚಪ್ಪಾಳೆ ತಟ್ಟಿದರೆ ನಾಟಕ ತನ್ನಷ್ಟಕ್ಕೆ ಮುಗಿಯಲು ಅವಕಾಶವಾಗುತ್ತದೆ. ಎಲ್ಲರೂ ಎದ್ದು ನಿಂತರೆಂದು ನೀವೂ ನಿಲ್ಲಬೇಕಾಗಿಲ್ಲ. ಪ್ರತಿ ನಾಟಕಕ್ಕೂ ಎದ್ದು ನಿಂತರೆ ಆ ಗೌರವಕ್ಕೆ ಬೆಲೆಯೇ ಉಳಿಯುವುದಿಲ್ಲ.

ಎಡವಟ್ಟುಗಳನ್ನೂ ಆಸ್ವಾದಿಸಬಹುದು. ಲೋಟವೊಂದು ಕೈಜಾರಿ ಬಿದ್ದಾಗ ಅದನ್ನು ಗಮನಿಸದವರಂತೆ ದಾಟಿ ಹೋಗುವ ನಟರುಂಟು, ಮಾತು ನಿಲ್ಲಿಸದೆ ಬಗ್ಗಿ ಎತ್ತಿಕೊಂಡು ಆ ಬೀಳುವಿಕೆಯನ್ನೇ ಪಾತ್ರದ ಗಾಬರಿಯಾಗಿಸುವವರೂ ಉಂಟು. ಎರಡನೆಯವರನ್ನು ನೋಡಿದ್ದು ಬಹುಕಾಲ ನೆನಪಿರುತ್ತದೆ. ಹಾಗೆಯೇ, ಮುಖ್ಯ ನಟರಿಗೆ ಅಸ್ವಸ್ಥತೆಯೆಂದು ಬದಲಿ ನಟರು ಪಾತ್ರ ವಹಿಸುತ್ತಾರೆಂಬ ಸೂಚನೆ ಕಂಡೊಡನೆ ಟಿಕೆಟ್ ಹಿಂದಿರುಗಿಸಲು ಧಾವಿಸಬೇಡಿ. ಅಂಥ ದಿನಗಳಲ್ಲಿ ಇಡೀ ತಂಡ ಎಂದಿಗಿಂತ ಎಚ್ಚರವಾಗಿ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುತ್ತದೆ.

ಮುಗಿದ ಮೇಲೆ

ಜೊತೆಯಲ್ಲಿ ಬಂದವರನ್ನು ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರಕ್ಕೆ ಮಾತು ಮುಗಿದುಹೋಗುತ್ತದೆ. ‘ಆಕೆ ಕೊನೆಗೆ ಬಾಗಿಲನ್ನು ಮುಚ್ಚಿದಳೋ ತೆರೆದಿಟ್ಟಳೋ’ ಎಂದು ಕೇಳಿ ನೋಡಿ. ಇಬ್ಬರು ಬೇರೆ ಬೇರೆ ನಾಟಕಗಳನ್ನು ನೋಡಿದಂತೆ ಉತ್ತರಗಳು ಬರುತ್ತವೆ. ವಿಮರ್ಶೆಗಳನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ನಟರನ್ನು ಕಂಡು ಮಾತಾಡಿಸುವ ಅವಕಾಶ ಸಿಕ್ಕರೆ ಸಾಮಾನ್ಯ ಹೊಗಳಿಕೆಗಿಂತ, ನಿಮಗೆ ಹಿಡಿಸಿದ ಒಂದೇ ಒಂದು ಕ್ಷಣವನ್ನು ಹೆಸರಿಸಿ ಹೇಳಿ. ಅವರು ದಣಿದಿರುತ್ತಾರೆ, ಮಾತು ಚಿಕ್ಕದಾಗಿರಲಿ.

ಮಕ್ಕಳನ್ನೋ, ದೀರ್ಘಕಾಲ ಅಲುಗಾಡದೆ ಕೂರಲು ಕಷ್ಟಪಡುವವರನ್ನೋ ಕರೆದೊಯ್ಯುವುದಿದ್ದರೆ, ದೀಪಗಳನ್ನು ಪೂರ್ತಿ ಆರಿಸದೆ, ನಡುವೆ ಎದ್ದು ಹೋಗಿಬರಲು ಅವಕಾಶವಿರುವ ವಿಶೇಷ ಪ್ರದರ್ಶನಗಳನ್ನು ಕೆಲವು ಮಂದಿರಗಳು ಏರ್ಪಡಿಸುತ್ತವೆ. ಸಂಜ್ಞಾಭಾಷೆಯ ಅನುವಾದವಿರುವ, ದೃಷ್ಟಿ ಇಲ್ಲದವರಿಗೆ ಕಿವಿಯಲ್ಲಿ ದೃಶ್ಯ ವಿವರಿಸುವ ಪ್ರದರ್ಶನಗಳೂ ಇವೆ. ಇವು ಬೆರಳೆಣಿಕೆಯ ದಿನಗಳಿಗೆ ಸೀಮಿತವಾಗಿರುವುದರಿಂದ ಮುಂಚಿತವಾಗಿ ವಿಚಾರಿಸಬೇಕು.

ಒಂದು ನಾಟಕ ನಿಜಕ್ಕೂ ಹಿಡಿಸಿದರೆ, ಹೊಸದೊಂದನ್ನು ಹುಡುಕುವ ಮುನ್ನ ಅದನ್ನೇ ಇನ್ನೊಮ್ಮೆ ನೋಡುವುದು ಲಾಭದಾಯಕ. ಕಥೆಯ ಕುತೂಹಲ ತೀರಿರುವುದರಿಂದ ಕಣ್ಣು ಬಿಡುವಾಗಿರುತ್ತದೆ. ಸಾಧ್ಯವಾದರೆ ಪ್ರದರ್ಶನಗಳ ಸರಣಿಯ ಕೊನೆಯ ವಾರದಲ್ಲಿ, ಮೊದಲ ಸಲ ಕೆಳಗೆ ಕುಳಿತಿದ್ದರೆ ಈ ಸಲ ಬಾಲ್ಕನಿಯಲ್ಲಿ ಆಸನ ಪಡೆದು, ಅತ್ಯಂತ ಕಡಿಮೆ ಮಾತಿರುವ ಪಾತ್ರವೊಂದನ್ನು ಆರಿಸಿಕೊಂಡು ಆರಂಭದಿಂದ ಕೊನೆಯವರೆಗೆ ಅದನ್ನೇ ಹಿಂಬಾಲಿಸಿ.