ಚದುರಂಗದ ಕಾಳಿನ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಒಡೆಯುವುದು ಹೇಗೆ?

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ ರಾಜನ ಕಣಜವೇ ಸಾಲದೆ ಹೋದ ಕಥೆ ಗೊತ್ತಲ್ವಾ? 64 ಮನೆಗೆ ಸೇರಿ ಒಟ್ಟು ಕಾಳು 18446744073709551615. ಇಪ್ಪತ್ತು ಅಂಕಿ! ಇದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯೋಣ. ಕಾಗದ, ಪೆನ್ಸಿಲ್ ಸಾಕು. ನಾನು ಮೊದಲು ಫೋನಿನ ಕ್ಯಾಲ್ಕುಲೇಟರ್‌ಗೆ ಹಾಕಿದೆ. ಅದು 1.8446744 ಎಂದು ತೋರಿಸಿ, ಬಾಲಕ್ಕೊಂದು ಇ19 ಅಂಟಿಸಿ, ಉಳಿದ ಅಂಕಿಗಳನ್ನು ನುಂಗಿಬಿಟ್ಟಿತು.

ಮೊದಲು ಸಂಖ್ಯೆಯ ರೂಪ ನೋಡಿ. 1+2+4 ಅಂದರೆ 7, ಅದು 8ಕ್ಕಿಂತ ಒಂದು ಕಡಿಮೆ. ಅದೇ ರೀತಿ 64 ಮನೆಯ ಮೊತ್ತ 2⁶⁴−1. ಹೈಸ್ಕೂಲಿನಲ್ಲಿ ಕಲಿತ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಎರಡು ವರ್ಗಗಳ ವ್ಯತ್ಯಾಸವನ್ನು ಮೊತ್ತ ಗುಣಿಸು ವ್ಯತ್ಯಾಸ ಎಂದು ಬರೆಯಬಹುದು. ಹಾಗಾಗಿ ಇದು (2³²+1)×(2³²−1). ಎರಡನೆಯ ತುಂಡು ಮತ್ತೆ ಹಾಗೇ ಒಡೆಯುತ್ತದೆ: 65537×65535. ಆಮೇಲೆ 65535 ಅಂದರೆ 257×255. 255 ಅಂದರೆ 17×15. 15 ಅಂದರೆ 5×3. ಇಲ್ಲಿಗೆ 3, 5, 17, 257, 65537 ಸಿಕ್ಕವು. ಐದೂ ಅವಿಭಾಜ್ಯ.

ಉಳಿದದ್ದು 2³²+1, ಅಂದರೆ 4294967297. ನಿಜವಾದ ಕಸರತ್ತು ಇರುವುದು ಇಲ್ಲೇ. ಮೇಲಿನ ಐದರಂತೆ ಇದೂ ಅವಿಭಾಜ್ಯ ಎಂದೇ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದು ತಪ್ಪು ಎಂದು ತೋರಿಸಿದ. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ 64ರ ಗುಣಕಕ್ಕೆ ಒಂದು ಕೂಡಿಸಿದಂತೆಯೇ ಇರಬೇಕು ಎನ್ನುವುದು ಅವನ ಕೀಲಿಕೈ. ಆ ಸಾಲಿನ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಬೀಗ ತೆರೆಯುತ್ತದೆ.

ಉದ್ದ ಭಾಗಾಕಾರ ಬೇಡ ಅನ್ನುವವರಿಗೆ ಒಂದು ಒಳದಾರಿ ಇದೆ. 5×2⁷ ಅಂದರೆ 640. 641ಕ್ಕೆ ಒಂದು ಕಡಿಮೆ. ಹಾಗಾಗಿ 641ರಿಂದ ಭಾಗಿಸಿದಾಗಿನ ಶೇಷವನ್ನು −1 ಎಂದು, ಒಂದು ಸಾಲ ಇದ್ದಂತೆ, ಬರೆದುಕೊಳ್ಳಿ. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಈಗ 5⁴ ಅಂದರೆ 625. ಅದು 641ಕ್ಕಿಂತ 16 ಕಡಿಮೆ, ಆದ್ದರಿಂದ ಅದರ ಜಾಗದಲ್ಲಿ −16 ಹಾಕಿ. 16 ಅಂದರೆ 2⁴ ತಾನೇ? ಅಲ್ಲಿಗೆ −2³²ರ ಶೇಷ 1. ಇನ್ನೊಂದು ರೀತಿ ಹೇಳಿದರೆ 2³²+1ರ ಶೇಷ ಸೊನ್ನೆ! ಮೊದಲ ಸಲ ಇದನ್ನು ಮಾಡಿದಾಗ ನನಗೆ ನಂಬಿಕೆ ಬರಲಿಲ್ಲ, ಸುಮ್ನೆ ಗುಣಿಸಿ ನೋಡಿದೆ. 641×6700417 ಅಂದರೆ ಸರಿಯಾಗಿ 4294967297.

6700417 ಇನ್ನೂ ಒಡೆಯುತ್ತದಾ? ಅದರ ವರ್ಗಮೂಲ 2588ರ ಆಸುಪಾಸು. ಅಲ್ಲಿಯವರೆಗೆ, 641ರಿಂದ ಶುರುಮಾಡಿ, ಅದೇ ಸಾಲಿನವನ್ನು ಮಾತ್ರ ನೋಡಿದರೆ ಸಾಕು: 641, 769, 1153, 1217, 1409, 1601, 2113. ಯಾವುದೂ ಭಾಗಿಸುವುದಿಲ್ಲ. (ರಾಮಾನುಜನ್ ಅವರ 1729 ಕೂಡ ಈ ಸಾಲಿನಲ್ಲೇ ಬರುತ್ತದೆ. ಆದರೆ ಅದು 7×13×19 ಆದ್ದರಿಂದ ಬಿಟ್ಟುಬಿಡಬಹುದು.)

ಒಟ್ಟು ಏಳು ತುಂಡು: 3, 5, 17, 257, 641, 65537, 6700417. ಒಂದೊಂದನ್ನೂ ತೆಗೆದುಕೊಳ್ಳಬಹುದು, ಇಲ್ಲವೇ ಬಿಡಬಹುದು. ಹಾಗಾಗಿ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 128. ಕಾಳನ್ನು 17 ಜನಕ್ಕೆ ಹಂಚಿದರೆ ತಕರಾರಿಲ್ಲ, 257 ಜನಕ್ಕೂ ಇಲ್ಲ. ಆದರೆ ಅದೇ ಹಲಗೆಯ 64 ಮನೆಗೆ ಸಮಪಾಲು ಮಾಡಲು ಹೋಗಿ ನೋಡಿ, 63 ಕಾಳು ಉಳಿಯುತ್ತದೆ. ಒಂದೇ ಒಂದು ಕಾಳು ಕಡಿಮೆ!