ಕಾರಿನಲ್ಲಿ ಬಿಯರ್ ಒಯ್ಯುವಿರಾ? ಡಿಕ್ಕಿ ಬಿಟ್ಟು ಬೇರೆ ಜಾಗ ನೋಡಿ

ಎಲ್ಲ ಕಡೆ ಸಿಗುವ ಮಾಮೂಲಿ ಲಾಗರ್ ಬಿಯರನ್ನು ಬೆಂಗಳೂರಿನಿಂದ ಸಕಲೇಶಪುರದ ಹೋಂಸ್ಟೇಗೆ ಹೊತ್ತೊಯ್ಯುವ ಅಗತ್ಯವೇ ಇಲ್ಲ, ಹಾಸನದಲ್ಲೇ ಕೊಳ್ಳಿ. ಅಲ್ಲಿ ಸಿಗುವುದು ಕಷ್ಟವಾದ, ಸಣ್ಣ ತಯಾರಕರ ಕ್ರಾಫ್ಟ್ ಬಿಯರ್‌ಗಳಿಗಾದರೆ ಈ ತಾಪತ್ರಯ ಪಡಬಹುದು. ಆದರೆ ದಾರಿಯಲ್ಲಿ ಬೇಗ ಕೆಡುವುದೂ ಅವೇ. ದೊಡ್ಡ ಕಾರ್ಖಾನೆಯ ಬಾಟಲಿ ಬಿಯರನ್ನು ಸಾಮಾನ್ಯವಾಗಿ 60 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಕೆಡಿಸುವ ಸೂಕ್ಷ್ಮಜೀವಿ ಸಾಯುವಂತೆ, ಪಾಶ್ಚರೀಕರಿಸಿರುತ್ತಾರೆ. ಸೋಸದೆ, ಬಿಸಿ ಮಾಡದೆ ತುಂಬಿದ ಕ್ರಾಫ್ಟ್ ಬಿಯರ್‌ಗೆ ಆ ರಕ್ಷಣೆಯಿಲ್ಲ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯಬೇಕು. ತಯಾರಿಕೆಯ ದಿನಾಂಕ ನೋಡಿ. ಕ್ಯಾನ್ ಸಿಕ್ಕರೆ ಕ್ಯಾನನ್ನೇ ಆರಿಸಿ, ಇಲ್ಲವಾದರೆ ಕಂದು ಬಾಟಲಿ. ಹಸಿರು ಮತ್ತು ಬಿಳಿ ಗಾಜು ಬೆಳಕನ್ನು ಹೆಚ್ಚು ತಡೆಯುವುದಿಲ್ಲ. ಬಿಸಿಲು ಬಿದ್ದರೆ ಬಿಯರ್‌ಗೆ ಹಾಕುವ ಹೂವಾದ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ, ಸುಟ್ಟ ರಬ್ಬರಿನಂಥ ನಾತ. ಇದಕ್ಕೆ ದಿನಗಟ್ಟಲೆ ಬೇಕಿಲ್ಲ, ನೇರ ಬಿಸಿಲಿದ್ದರೆ ಕೆಲವೇ ನಿಮಿಷ ಸಾಕು. ಹಿಂದಿನ ಗಾಜಿನ ಕೆಳಗೆ ಬಾಟಲಿ ಸಾಲಾಗಿ ಇಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಬಿಸಿಯ ವಿಚಾರ. ಬಿಯರ್ ತಯಾರಕರಲ್ಲಿ 3–30–300 ಎಂಬ ಲೆಕ್ಕವೊಂದಿದೆ. ಸುಮಾರು 32 ಡಿಗ್ರಿಯಲ್ಲಿ 3 ದಿನಕ್ಕೆ ಆಗುವ ಹಾನಿ, 22 ಡಿಗ್ರಿಯಲ್ಲಾದರೆ 30 ದಿನಕ್ಕೆ, ಫ್ರಿಜ್ಜಿನ 3 ಡಿಗ್ರಿಯಲ್ಲಾದರೆ 300 ದಿನಕ್ಕೆ ಆಗುತ್ತದೆ. ಇದು ಅಂದಾಜು ಸೂತ್ರ, ಆದರೂ ಉಪಯೋಗಕ್ಕೆ ಬರುತ್ತದೆ. ತಣ್ಣಗಿದ್ದ ಬಿಯರ್ ಒಮ್ಮೆ ಬೆಚ್ಚಗಾದರೆ ಕೆಟ್ಟೇಹೋಯಿತು ಎಂಬ ಮಾತು ಸುಳ್ಳೆಂದು ಇದರಿಂದಲೇ ಗೊತ್ತಾಗುತ್ತದೆ. ಬೆಚ್ಚಗಾಗಿ ಮತ್ತೆ ತಣ್ಣಗಾದದ್ದಕ್ಕೆ ಏನೂ ಆಗುವುದಿಲ್ಲ. ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದಷ್ಟೇ ಲೆಕ್ಕ.

ಆದ್ದರಿಂದ ಸೆಡಾನ್ ಕಾರಿನ ಡಿಕ್ಕಿ ಬೇಡ. ಅಲ್ಲಿಗೆ ಏಸಿ ಗಾಳಿ ಬರುವುದಿಲ್ಲ, ಕೆಳಗಿನಿಂದ ಸೈಲೆನ್ಸರ್ ಕಾವು ಬೇರೆ. ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗವೇ ಒಳ್ಳೆಯದು: ನೆರಳೂ ಇದೆ, ಏಸಿಯೂ ತಾಗುತ್ತದೆ, ಬ್ರೇಕ್ ಹೊಡೆದರೆ ಪೆಟ್ಟಿಗೆ ಅಲುಗುವುದೂ ಇಲ್ಲ.

ಪೆಟ್ಟಿಗೆಗೆ ದುಬಾರಿ ಕೂಲರ್ ಬೇಕಿಲ್ಲ, ದಪ್ಪ ಥರ್ಮಾಕೋಲ್ ಡಬ್ಬ ಸಾಕು. ಬಿಯರನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಬೆಚ್ಚಗಿನ ಬಾಟಲಿ ಹಾಕಿದರೆ ಅದನ್ನು ತಣಿಸುವುದರಲ್ಲೇ ಐಸ್ ಕರಗಿಹೋಗುತ್ತದೆ. ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ತಾಗದಂತೆ ನಡುವೆ ಹಳೇ ಬನಿಯನ್ನೋ ಪೇಪರೋ ತುರುಕಿ, ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸ್ ಇಡಿ. ತಣ್ಣನೆ ಗಾಳಿ ಕೆಳಗಿಳಿಯುತ್ತದಲ್ಲ, ಅದಕ್ಕೇ ಐಸ್ ಮೇಲಿರಬೇಕು. ಐಸಿಗೆ ಉಪ್ಪು ಬೆರೆಸುವ ಜಾಣತನ ಬೇಡ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ತೀರಾ ಕೆಳಗಿಳಿಯುತ್ತದೆ, ಬಿಯರ್ ಮೈನಸ್ 2–3 ಡಿಗ್ರಿಗೇ ಹೆಪ್ಪುಗಟ್ಟಿ ಬಾಟಲಿ ಸೀಳುತ್ತದೆ. ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಅಂತೂ ಮುಚ್ಚಿದ ಕಾರಿನಲ್ಲಿ ಉಸಿರಿಗೇ ಅಪಾಯ.

ನಲ್ಲಿಯಿಂದ ಹಿಡಿದ ಬಿಯರನ್ನು ಗ್ರೌಲರ್ ಎಂಬ ಮುಚ್ಚಳದ ಜಾಡಿಯಲ್ಲಿ ಒಯ್ಯುವುದಾದರೆ ಜಾಡಿ ತಣ್ಣಗಿರಲಿ, ಬಿಯರ್ ಕತ್ತಿನವರೆಗೂ ತುಂಬಿರಲಿ. ಒಳಗೆ ಉಳಿದ ಗಾಳಿ ಬಿಯರ್‌ಗೆ ಒದ್ದೆ ರಟ್ಟಿನ ರುಚಿ ತರುತ್ತದೆ. ಒಂದೆರಡು ದಿನದಲ್ಲಿ ಕುಡಿದು ಮುಗಿಸಿ.

ಬೆಳಗಿನ ಜಾವವೇ ಹೊರಡಿ. ತಿಂಡಿಗೆ ನಿಲ್ಲಿಸಿದಾಗ ಕಾರು ನೆರಳಿನಲ್ಲಿರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಂಟೆಯೊಳಗೇ 50 ಡಿಗ್ರಿ ದಾಟಬಹುದು. ಬಿಲ್ಲು ಕೈಗೆ ಸಿಗುವಂತಿರಲಿ, ಸೀಲು ಒಡೆಯದಿರಲಿ. ಒಬ್ಬರು ಎಷ್ಟು ಇಟ್ಟುಕೊಳ್ಳಬಹುದೆಂಬ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಗಡಿ ದಾಟುವ ಮುನ್ನ ಅಬಕಾರಿ ನಿಯಮ ವಿಚಾರಿಸಿ. ಗುಜರಾತ್, ಬಿಹಾರಗಳಲ್ಲಂತೂ ಪಾನನಿಷೇಧವೇ ಇದೆ. ಡ್ರೈವರ್‌ಗೆ ದಾರಿಯಲ್ಲಿ ಒಂದು ಗುಟುಕೂ ಬೇಡ.

ಶಿರಾಡಿ ಕಡೆಯ ತಿರುವುಗಳಲ್ಲಿ ಕುಲುಕಿದ ಬಾಟಲಿಯನ್ನು ಇಳಿದ ಕೂಡಲೇ ತೆರೆದರೆ ನೊರೆಯೆಲ್ಲ ಮೈಮೇಲೆ. ಕ್ಯಾನಿನ ತಲೆ ಬೆರಳಿನಿಂದ ಟಕಟಕ ಬಡಿದರೂ ಅಷ್ಟೇನೂ ಉಪಯೋಗವಿಲ್ಲ. ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ ಒಂದೆರಡು ಗಂಟೆ ಬಿಡಿ. ಗೋಧಿ ಬಿಯರ್ ಆದರೆ ತಳದಲ್ಲಿ ಯೀಸ್ಟ್ ಕೂತಿರುತ್ತದೆ: ಮುಕ್ಕಾಲು ಪಾಲು ಗ್ಲಾಸಿಗೆ ಬಗ್ಗಿಸಿ, ಉಳಿದದ್ದನ್ನು ಬಾಟಲಿಯಲ್ಲೇ ಮೆಲ್ಲಗೆ ಸುತ್ತಿಸಿ ಮೇಲೆ ಸುರಿಯಿರಿ.