ಟ್ರಾನ್ಸ್‌ಕೈ, ವೆಂಡಾ ಸ್ಟಾಂಪು ಆಲ್ಬಮ್‌ನಾಗೆ ಎಲ್ಲಿ ಇಡ್ಬೇಕು?

ಹಳೇ ಸ್ಟಾಂಪಿನ ಮಿಕ್ಸ್ ಪ್ಯಾಕೆಟ್ ತರಿಸಿದ್ರೆ ಅದ್ರೊಳಗೆ ಟ್ರಾನ್ಸ್‌ಕೈ, ಬೊಪುತತ್ಸ್ವಾನಾ, ವೆಂಡಾ, ಸಿಸ್ಕೈ ಅಂತ ಹೆಸರಿರೋವು ಒಂದೋ ಎರಡೋ ಸಿಗಬೋದು, ಅಟ್ಲಾಸ್ ತೆಗ್ದು ಹುಡುಕಿದ್ರೆ ಅಂಥಾ ದೇಶಾನೇ ಇಲ್ಲ. ಇವು ದಕ್ಷಿಣ ಆಫ್ರಿಕಾದಾಗೆ ಹೆಸರಿಗಷ್ಟೇ ದೇಶ ಅನ್ನಿಸ್ಕೊಂಡಿದ್ದ ಪ್ರದೇಶಗಳು. ನಾನು ದಾವಣಗೆರೇಲಿ ಹೈಸ್ಕೂಲ್ ಓದೋವಾಗ ಇವನ್ನೆಲ್ಲ "ಇತರೆ" ಅನ್ನೋ ಪೇಜಿಗೆ ತುರುಕಿದ್ದೆ, ನೀವು ಹಂಗ್ ಮಾಡ್ಬ್ಯಾಡ್ರಿ.

ಮೊದ್ಲು ಸೀಲ್ ನೋಡ್ರಿ. ಉಮ್ಟಾಟಾ ಅಂತ ಊರ ಹೆಸರು, ತಾರೀಖು ನೀಟಾಗಿ ಕಾಣ್ತಿದ್ರೆ ಕವರ್ ತುಂಡಿನ ಸಮೇತ ಇಟ್ಕೊಳ್ರಿ, ಅದು ಟ್ರಾನ್ಸ್‌ಕೈ ರಾಜಧಾನಿ ಆಗಿತ್ತು. ಇಲ್ಲಾಂದ್ರೆ ಉಗುರುಬೆಚ್ಚನೆ ನೀರಿಗೆ ಹಾಕ್ರಿ, ತಾನೇ ಬಿಟ್ಕೊಳ್ತದೆ, ಕೀಳಕ್ ಹೋಗ್ಬ್ಯಾಡ್ರಿ. ಒಣಗಿದ ಮೇಲೆ ಚಿಮಟದಾಗೇ ಹಿಡೀರಿ, ಮಿರ್ಚಿ ಮಂಡಕ್ಕಿ ತಿಂದ ಕೈ ಅಂತೂ ಹತ್ರಾನೂ ತರಬ್ಯಾಡ್ರಿ.

ಬೊಪುತತ್ಸ್ವಾನಾನ ಬೋಟ್ಸ್‌ವಾನಾ ಜೊತೆ ಕಲಸಬ್ಯಾಡ್ರಿ, ಬೋಟ್ಸ್‌ವಾನಾ 1966ರಲ್ಲಿ ಸ್ವತಂತ್ರ ಆದ ನಿಜವಾದ ದೇಶ.

ಈಗ ಜೋಡ್ಸೋದು. ದಕ್ಷಿಣ ಆಫ್ರಿಕಾ ಪೇಜು ಮುಗಿದ ಮೇಲೇ ಇವಕ್ಕೆ ಜಾಗ ಕೊಡ್ರಿ, ಬೇರೆ ದೇಶ ಅಂತ ಅಲ್ಲ, "ಬಂಟುಸ್ತಾನ್" ಅಂತ ಹೆಡ್ಡಿಂಗ್ ಹಾಕ್ರಿ. ವರ್ಣಭೇದದ ಸರ್ಕಾರ ಕರಿಯರಿಗೆ ಅಂತ 10 ಹೋಮ್‌ಲ್ಯಾಂಡ್, ಅಂದ್ರೆ ಬಂಟುಸ್ತಾನ್, ಮಾಡಿತ್ತು, ಅದ್ರಾಗೆ 4ಕ್ಕೆ ಸ್ವಾತಂತ್ರ್ಯ ಕೊಟ್ವಿ ಅಂತ ಹೇಳ್ಕೊಂಡ್ತು: ಟ್ರಾನ್ಸ್‌ಕೈ 1976, ಬೊಪುತತ್ಸ್ವಾನಾ 1977, ವೆಂಡಾ 1979, ಸಿಸ್ಕೈ 1981. ಇದೇ ಆರ್ಡರ್‌ನಾಗೆ ಇಡ್ರಿ. ಟ್ರಾನ್ಸ್‌ಕೈ ಕೆಳಗೆ 26 ಅಕ್ಟೋಬರ್ 1976 ಅಂತ ಬರೀರಿ, ಆ ಸ್ವಾತಂತ್ರ್ಯ ಬಂದ ದಿನಾನೇ ವಿಶ್ವಸಂಸ್ಥೆ ಮಹಾಸಭೆ ಅದನ್ನ ತಳ್ಳಿಹಾಕ್ತು, 134 ವೋಟು, ವಿರುದ್ಧ ಒಂದೂ ಇಲ್ಲ. ಬೆಲೆ ನೋಡ್ರಿ, ದಕ್ಷಿಣ ಆಫ್ರಿಕಾದ ಸೆಂಟು, ರ‍್ಯಾಂಡೇ, ಸ್ವಂತ ದುಡ್ಡೂ ಇರ್ಲಿಲ್ಲ!

ಪಕ್ಕದಾಗೆ ಒಂದು ಮ್ಯಾಪ್ ಬರೆದ್ರೆ ಚಲೋ. ಬೊಪುತತ್ಸ್ವಾನಾ ಒಂದೇ ಕಡೆ ಇರ್ಲಿಲ್ಲ, ಚೂರು ಚೂರು, ಥಾಬಾ ಎನ್ಚು ಅನ್ನೋ ತುಂಡು ಉಳಿದವುಕ್ಕಿಂತ ಎಲ್ಲೋ ದೂರ. ನಮ್ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋತು, ಜನ ಆಫೀಸಿಗೆ ಓಡಾಡೋ ದಾರಿ ಬದ್ಲಾತು ಅಷ್ಟೆ, ಅಲ್ಲಿ ಹಂಗಲ್ರಿ, ಜೋಹಾನ್ಸ್‌ಬರ್ಗ್‌ನಾಗೇ ಹುಟ್ಟಿ ಬೆಳೆದು ಟ್ರಾನ್ಸ್‌ಕೈ ಮುಖಾನೇ ನೋಡದವ್ರನ್ನೂ ನೀನು ಅಲ್ಲಿಯವ್ನು ಅಂತ ಹೇಳಿ ದಕ್ಷಿಣ ಆಫ್ರಿಕಾದ ಪೌರತ್ವಾನೇ ಕಿತ್ಕೊಂಡ್ರು.

ಖಾಲಿ ಪೇಜು ಜಾಸ್ತಿ ಬಿಡಬ್ಯಾಡ್ರಿ, 27 ಏಪ್ರಿಲ್ 1994ಕ್ಕೆ ನಾಲ್ಕೂ ವಾಪಸ್ ದಕ್ಷಿಣ ಆಫ್ರಿಕಾಕ್ಕೆ ಸೇರಿದ್ವು.